ಕರಬೂಜದ ಪರೀಕ್ಷೆ

ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಶಾಲೆ ತಪ್ಪಿದರೂ ಪರೀಕ್ಷೆ ತಪ್ಪಿಲ್ಲ. ಅಜ್ಜಿಯ ಕಾಲದಿಂದ ವರ್ಷವರ್ಷವೂ ಎತ್ತಿಟ್ಟುಕೊಂಡು ಬಂದ ಬೀಜದಿಂದ ಹಿತ್ತಿಲಲ್ಲಿ ಕರಬೂಜ ಬೆಳೆಯುತ್ತಾರೆ; ಒಂದೊಂದು ಕಾಯಿಗೂ ಹಳೆಯ ಬನಿಯನ್ನಿನ ತೊಟ್ಟಿಲು ಕಟ್ಟಿ ಚಪ್ಪರಕ್ಕೆ ತೂಗುಹಾಕಿದ್ದಾರೆ. ಸ್ವಂತ ಮಕ್ಕಳನ್ನೂ ಇಷ್ಟು ಜೋಪಾನವಾಗಿ ತೂಗಿದವರಲ್ಲ ಎಂದು ಅವರ ಹೆಂಡತಿಯ ದೂರು. ಅಂಗಡಿಯ ಹಣ್ಣೆಂದರೆ ಮೇಷ್ಟ್ರಿಗೆ "ಸಕ್ಕರೆ ನೀರು ಕುಡಿದ ಕುಂಬಳಕಾಯಿ". ಹಣ್ಣಾಗುವ ಕಾಲ ಬಂತೆಂದರೆ ಬೀದಿಗೆ ಬೀದಿಯೇ ಅವರಿಂದ ತಲೆತಪ್ಪಿಸಿಕೊಳ್ಳುತ್ತದೆ. ಹಾಲಿನವನಿರಲಿ, ಮೀಟರ್ ಓದುವವನಿರಲಿ, ಕೈಹಿಡಿದು ಚಪ್ಪರದಡಿ ಎಳೆತಂದು, ತೊಟ್ಟಿನ ಹತ್ತಿರ ಮೂಗು ಇಡಿಸಿ, "ಹಣ್ಣಾಗಿದ್ಯಾ? ಹೇಳಿ" ಎನ್ನುತ್ತಾರೆ. "ಘಮ್ ಅಂತಿದೆ ಸಾರ್" ಎಂದರೆ ಅಲ್ಲಿಗೆ ಫೇಲ್. "ಘಮ್ ಅಂದ್ರೆ ಏನ್ರೀ? ಯಾವ ಥರ ಘಮ್? ಬಿಡಿಸಿ ಹೇಳಿ!" ಉತ್ತರ ಗೊತ್ತಿದ್ದೂ ಕಾಡುವ ಹಳೆಯ ಚಾಳಿ ಎಂದು ನಾನೂ ನಗುತ್ತಿದ್ದೆ. ಮೊನ್ನೆ ಅವರ ಹೆಂಡತಿ ಬೇಲಿಯಾಚೆಯಿಂದ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಆ ಜ್ವರ ಬಂದು ಹೋದಾಗಿಂದ ಇವರ ಮೂಗಿಗೆ ವಾಸನೇನೇ ತಿಳಿಯಲ್ಲ. ಹಾಲು ಸೀದುಹೋದ್ರೂ ನಾನೇ ಹೇಳ್ಬೇಕು." ಮರುದಿನ ನಾನಾಗಿಯೇ ಹೋಗಿ ಹಣ್ಣಿಗೆ ಮೂಗು ಹಚ್ಚಿದೆ. "ಮೊದಲು ಜೇನು, ಆಮೇಲೆ ಬಿಸಿಲಿಗೆ ಒಣಗಿದ ಹುಲ್ಲು, ಕೊನೆಗೆ ಒಂಚೂರು ಹಸಿ ಮಣ್ಣು" ಎಂದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಪಾಸೋ ಫೇಲೋ ಹೇಳಲಿಲ್ಲ. "ಇನ್ನೊಂದ್ಸಲ ಹೇಳಿ" ಎಂದರು.