ಪಕ್ಕದ ಮನೆಯಲ್ಲಿ ನನ್ನ ಗೊರಕೆ

ನಾನು ಗೊರಕೆ ಹೊಡೆಯುವುದಿಲ್ಲ. ಇಪ್ಪತ್ತು ವರ್ಷಗಳಿಂದ ಮನೆಯಲ್ಲಿ ಇದೇ ನನ್ನ ವಾದ. ಕಳೆದ ಭಾನುವಾರ ಹೆಂಡತಿ ಸಾಕ್ಷಿಯನ್ನೇ ವಾಟ್ಸಾಪಿಗೆ ಕಳಿಸಿದಳು. ಎರಡು ನಿಮಿಷದ ಆಡಿಯೋ!

ಒತ್ತಿದೆ. ಸದ್ದಿಲ್ಲ. ವಾಲ್ಯೂಮ್ ಏರಿಸಿದೆ. ಊಹೂಂ. ಪೂರ್ತಿ ಏರಿಸಿದೆ. "ನೋಡೇ, ಇದ್ರಲ್ಲಿ ಏನೂ ಇಲ್ಲ!" ಎಂದು ಬೀಗಿದೆ. ಗೋಡೆಯಾಚೆ ಯಾರೋ ಮರ ಕುಯ್ಯುತ್ತಿದ್ದರು. ಭಾನುವಾರವೂ ಕೆಲಸವೇ ಎಂದುಕೊಂಡೆ.

ಮರವಲ್ಲ ಸ್ವಾಮಿ, ನಾನೇ!

ಬೇಲೂರಿನಲ್ಲಿ ನಮ್ಮ ಮನೆಗೂ ಪುಟ್ಟಸ್ವಾಮಿಯವರ ಮನೆಗೂ ನಡುವೆ ಒಂದೇ ಗೋಡೆ. ಅವರ ಮಗಳು ಕಾವ್ಯಳನ್ನು ನೋಡಲು ಅಂದು ಕಣಕಟ್ಟೆಯಿಂದ ಗಂಡಿನ ಕಡೆಯವರು ಬಂದಿದ್ದರು. ಆಗಲೇ ಮೂರು ಸಂಬಂಧ ತಪ್ಪಿದ್ದವು. ಇದಾದರೂ ಕುದುರಲಿ ಎಂದು ಪುಟ್ಟಸ್ವಾಮಿ, "ಮೆಲ್ಲಗೆ ನಾದಸ್ವರ ಹಾಕಾನ, ನಿಮ್ ಬ್ಲೂಟೂತ್ ಸ್ಪೀಕರ್ ಕೊಡ್ರೀ" ಎಂದು ಬೆಳಿಗ್ಗೆಯೇ ಒಯ್ದಿದ್ದರು. ಕೊಡುವಾಗ ಅದನ್ನು ನನ್ನ ಫೋನಿನಿಂದ ತೆಗೆದುಹಾಕಬೇಕಿತ್ತು. ತೆಗೆಯಲಿಲ್ಲ. ಆನ್ ಮಾಡಿದೊಡನೆ ಅದು ಅವರ ಫೋನು ಬಿಟ್ಟು ನನ್ನದಕ್ಕೇ ಅಂಟಿಕೊಂಡಿತು.

(ನಗಬೇಡಿ. ನಿಮ್ಮ ಫೋನನ್ನೊಮ್ಮೆ ನೋಡಿ. ಮಾರಿದ ಕಾರು, ಕಳೆದುಹೋದ ಇಯರ್‌ಬಡ್, ಭಾವಮೈದುನನ ಟೀವಿ ಎಲ್ಲ ಇನ್ನೂ ಬ್ಲೂಟೂತ್ ಪಟ್ಟಿಯಲ್ಲಿಲ್ಲವೇ?)

ಗೊರಕೆ ಶುರುವಾದಾಗ ಕೇಸರಿಬಾತು ತಿನ್ನುತ್ತಿದ್ದವರೆಲ್ಲ ಮೂಲೆಯಲ್ಲಿದ್ದ ಕಾವ್ಯಳ ಅಜ್ಜಿಯನ್ನು ನೋಡಿದರಂತೆ. "ನಾನಲ್ಲ ಕಣ್ರಪ್ಪ, ಎಚ್ಚರವಾಗೇ ಇವ್ನಿ!" ಎಂದು ಅಜ್ಜಿ ರೇಗಿದರಂತೆ. ಅಷ್ಟರಲ್ಲಿ ಸ್ಪೀಕರಿನಿಂದ ನನ್ನ ಹೆಂಡತಿಯ ದನಿ: "ಕೇಳಿಸ್ಕೊಳ್ಳಿ ಯಜಮಾನ್ರೇ, ಇದು ನಿಮ್ದೇ!"

ಪುಟ್ಟಸ್ವಾಮಿ ಓಡಿ ಬಂದರು. "ನಿಲ್ಸ್ರೀ ಮಾರಾಯ್ರೇ! ಸಂಬಂಧ ಕೆಟ್ಟೋಯ್ತದೆ!"

ಸೆಟ್ಟಿಂಗ್ಸಿಗೆ ಹೋಗಿ, ಸ್ಪೀಕರಿನ ಹೆಸರು ಹುಡುಕಿ, ಅನ್‌ಪೇರ್ ಒತ್ತಿದೆ. ಆಚೆ ಮನೆ ತಣ್ಣಗಾಯಿತು. ನನ್ನಿಂದ ಆ ಹುಡುಗಿಯ ಮದುವೆ ತಪ್ಪಿದರೆ? ಪಂಚೆ ಸರಿಮಾಡಿಕೊಂಡು ಕ್ಷಮೆ ಕೇಳಲು ಹೋದೆ. ನಿಜಕ್ಕೂ ನಾಚಿಕೆಯಾಗಿತ್ತು.

ಗಂಡಿನ ತಾಯಿ ತಟ್ಟೆ ಕೆಳಗಿಟ್ಟರು. "ಬಂದಾಗಿಂದ ಹೇಳಾನ ಅಂತಿದ್ದೆ, ಬಾಯಿ ಬರ್ನಿಲ್ಲ. ನಮ್ ಹುಡ್ಗನೂ ಹಿಂಗೇಯ."

ಹುಡುಗ ನೆಲ ನೋಡತೊಡಗಿದ. ಪುಟ್ಟಸ್ವಾಮಿ ಮಗಳ ಮುಖ ನೋಡಿದರು. ಕಾವ್ಯ ಮಾತ್ರ ಗಂಭೀರವಾಗಿ ನನ್ನತ್ತ ತಿರುಗಿದಳು.

"ಅಂಕಲ್, ಆ ಆಡಿಯೋ ನಂಗೆ ಕಳ್ಸಿ. ಒಂದು ವಾರ ಹಾಕ್ಕೊಂಡು ಮಲಗ್ತೀನಿ. ನಿದ್ದೆ ಬಂದ್ರೆ ಒಪ್ಪಿಗೆ."