ಬು ಲಸ್ಮಿನಿಯವರ ಮನೆಯ ಎರಡನೇ ಲೋಟ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಕಡಿಮೆ, ಪೊರಕೆ ಹಿಡಿದದ್ದೇ ಹೆಚ್ಚು. ದೊಡ್ಡ ಪದಗಳೂ ನನಗೆ ಬರುವುದಿಲ್ಲ. ಹೊಡೆದುಹಾಕಿದ ಸಾಲುಗಳು ಬಹಳ ಇವೆ, ತಪ್ಪಾಗಿ ಬಿಡುವುದಕ್ಕಿಂತ ಹೊಡೆದುಹಾಕುವುದು ಮೇಲು ಅನ್ನಿಸಿತು.

ನಮ್ಮೂರ ಓದುಮನೆಯವರು, ಊರಿನ ಯಾರಾದರೂ ಒಬ್ಬರ ಬದುಕಿನ ಬಗ್ಗೆ ಬರೆದುಕೊಡಿ, ಗೋಡೆಗೆ ಹಚ್ಚುತ್ತೇವೆ ಎಂದಿದ್ದಾರೆ. ಬೇರೆಯವರು ಸೂಲಗಿತ್ತಿಯ ಬಗ್ಗೆ, ಗಮೆಲಾನ್ ಬಾರಿಸುವ ಮುದುಕರ ಬಗ್ಗೆ ಬರೆಯುತ್ತಿದ್ದಾರಂತೆ. ನಾನು ನಾಲ್ಕನೇ ತರಗತಿಯ ಟೀಚರು ಬು ಲಸ್ಮಿನಿಯವರ ಬಗ್ಗೆ ಬರೆಯುತ್ತೇನೆ. ದೊಡ್ಡ ಹೆಂಗಸರನ್ನು ನಾವು ಬು ಎನ್ನುತ್ತೇವೆ, ಗಂಡಸರನ್ನು ಪಾ ಎನ್ನುತ್ತೇವೆ. ಅವರು ನಮ್ಮ ಶಾಲೆಯಲ್ಲೇ ಇರುತ್ತಾರೋ, ಕಡಲಾಚೆ ಸುಮಾತ್ರದಲ್ಲಿರುವ ತಮ್ಮನ ಮನೆಗೆ ಹೋಗಿಬಿಡುತ್ತಾರೋ ಎಂಬುದನ್ನು ಅವರು ನಾಳೆ ಸೋಮವಾರ ಹೆಡ್‌ಮಾಸ್ತರಿಗೆ ಹೇಳಬೇಕು. ಅದಕ್ಕೇ ಇವತ್ತು ಭಾನುವಾರ ಕೂತು ಬರೆಯುತ್ತಿದ್ದೇನೆ.

ಬು ಲಸ್ಮಿನಿಯವರ ಮನೆ ಶಾಲೆಗೂ ನಮ್ಮ ಮನೆಗೂ ನಡುವೆ, ಎಲೆಕೋಸಿನ ಗದ್ದೆಗಳ ಏರಿನ ಪಕ್ಕದಲ್ಲಿದೆ. ಬಾಗಿಲಿಗೆ ಹಸಿರು ಬಣ್ಣ. ಅವರು ಮದುವೆಯಾಗಲಿಲ್ಲ, ತಾಯಿಯ ಜೊತೆ ಇದ್ದರು. ಆ ಮುದುಕಿ ಮುಂಬಾಗಿಲಿನ ಬೆಂಚಿನ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತು, ಹೋಗುವ ಬರುವ ಎಲ್ಲರನ್ನೂ "ಬನ್ನಿ, ಒಳಗೆ ಬಂದು ಹೋಗಿ" ಎಂದು ಕರೆಯುತ್ತಿದ್ದರು. ಕರೆಸಿಕೊಂಡವರು "ಇನ್ನೊಂದು ದಿನ ಬರ್ತೀವಿ" ಎಂದು ತಲೆ ಬಾಗಿಸಿ ಮುಂದೆ ಹೋಗುತ್ತಿದ್ದರು. ನಮ್ಮ ಕಡೆ ಕರೆಯುವುದು ಮರ್ಯಾದೆ, ಹೋಗದಿರುವುದೂ ಮರ್ಯಾದೆ. ಕರೆದ ತಕ್ಷಣ ಒಳಗೆ ಹೋಗಿ ಕೂತವರನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ಬೆಳಿಗ್ಗೆ ಬು ಲಸ್ಮಿನಿಯವರು ಶಾಲೆಯ ಗೇಟಿನಲ್ಲಿ ನಿಲ್ಲುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡು ಒಳಗೆ ಹೋಗುತ್ತವೆ. ಎಲ್ಲ ಶಾಲೆಗಳಲ್ಲೂ ಹೀಗೆ ಮಾಡುತ್ತಾರೆ. ಆದರೆ ಬೇರೆ ಮೇಷ್ಟ್ರುಗಳು ಕೈ ಕೊಟ್ಟು ಎತ್ತಲೋ ನೋಡುತ್ತಿರುತ್ತಾರೆ. ಬು ಲಸ್ಮಿನಿಯವರಿಗೆ ಆ ಒಂದು ಗಳಿಗೆ ಸಾಕು. ಯಾರ ಹಣೆ ಬಿಸಿಯಾಗಿದೆ, ಯಾರು ಏನೂ ತಿನ್ನದೆ ಬಂದಿದ್ದಾರೆ, ಯಾರು ದಾರಿಯಲ್ಲಿ ಅತ್ತು ಮುಖ ಒರೆಸಿಕೊಂಡಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ನನ್ನ ಅಮ್ಮ ಮನೆಗೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಹೋದಳು. ಮಾರನೇ ದಿನ ಬು ಲಸ್ಮಿನಿಯವರು ನನ್ನನ್ನು ಏನೂ ಕೇಳಲಿಲ್ಲ. ಹಲಗೆ ಒರೆಸುವ ಬಟ್ಟೆ ಕೊಟ್ಟು, ಇಡೀ ದಿನ ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು. ಒರೆಸಲು ಏನೂ ಇಲ್ಲದಾಗಲೂ ಒರೆಸು ಎನ್ನುತ್ತಿದ್ದರು.

ಮುಂದೆ ನಾನು ಕೆಳಗಿನ ಪೇಟೆಯ ಶಾಲೆಗೆ ಸೇರಿದೆ. ಅಲ್ಲಿ ಹೆಸರು ಕೂಗಿದರೆ ಹಾಜರಿ ಹೇಳಲು ನಾನು ತಡವರಿಸುತ್ತಿದ್ದೆ. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಆ ಶಾಲೆಯಿಂದ ಯಾರೂ ಕೇಳಿಕೊಂಡು ಬರಲಿಲ್ಲ. ಬು ಲಸ್ಮಿನಿಯವರು ಮಾತ್ರ ಬಂದು, ಅಜ್ಜಿಯ ಜೊತೆ ಕೂತು ಬೇಯಿಸಿದ ಮರಗೆಣಸು ತಿಂದು, ನಮ್ಮ ಶಾಲೆಯಲ್ಲಿ ಕಸ ಗುಡಿಸಲು ಒಬ್ಬರು ಬೇಕು ಎಂದರು. ಹೀಗೆ ನಾನು ಮತ್ತೆ ಅವರ ತರಗತಿಗೆ ಬಂದೆ, ಈ ಸಲ ಪೊರಕೆಯ ಜೊತೆ.

ಹೋದ ಮಳೆಗಾಲದಲ್ಲಿ ಅವರ ತಾಯಿ ತೀರಿಕೊಂಡರು. ಊರಿಗೆ ಊರೇ ಬಂತು. ಹೆಂಗಸರು ಅಡಿಗೆ ಮಾಡಿದರು, ಗಂಡಸರು ಏಳನೇ ದಿನದವರೆಗೂ ಸಂಜೆ ಬಂದು ಪ್ರಾರ್ಥನೆ ಮಾಡಿದರು. ಆಲೂಗಡ್ಡೆ ಕೀಳುವ ಹೊತ್ತು, ಆಮೇಲೆ ಎಲ್ಲರೂ ಗದ್ದೆಗೆ ಹೋದರು. ಬು ಲಸ್ಮಿನಿಯವರು ನಗುನಗುತ್ತಾ ಗೇಟಿಗೆ ಬಂದು ನಿಂತರು. ಸಾವಿನ ಸುದ್ದಿಯನ್ನೂ ನಾವು ನಗುತ್ತಲೇ ಹೇಳುತ್ತೇವೆ, ಕೇಳುವವರ ಮೇಲೆ ನಮ್ಮ ಭಾರ ಬೀಳಬಾರದು ಎಂದು. ಹೆಡ್‌ಮಾಸ್ತರು ಪಾ ಸರ್ವೇದಿ ದಿನಾ ಬೆಳಿಗ್ಗೆ "ಸೌಖ್ಯವಾ ಬು?" ಎಂದು ಕೇಳುತ್ತಿದ್ದರು. ಅವರು "ಸೌಖ್ಯ ಪಾ" ಎನ್ನುವಷ್ಟರಲ್ಲಿ ಹೆಡ್‌ಮಾಸ್ತರು ಮೆಟ್ಟಿಲು ಹತ್ತಿರುತ್ತಿದ್ದರು.

ಆ ಹೊತ್ತಿಗೇ ಪೇಟೆಯಲ್ಲಿ ಟೀಚರುಗಳಿಗೆ ನಡೆದ ತರಬೇತಿಯಿಂದ, ಗೋಡೆಗೆ ತೂಗುಹಾಕುವ, ನಾಲ್ಕು ಜೇಬುಗಳಿರುವ ಒಂದು ಬಟ್ಟೆ ಬಂತು. ಖುಷಿ, ದುಃಖ, ಸಿಟ್ಟು, ಭಯ ಎಂದು ಜೇಬುಗಳ ಮೇಲೆ ಮುಖಗಳನ್ನು ಹೊಲಿದಿದ್ದರು. ಪ್ರತಿ ಮಗುವಿಗೂ ಹೆಸರು ಬರೆದ ಒಂದು ಐಸ್‌ಕ್ರೀಮ್ ಕಡ್ಡಿ. ಬೆಳಿಗ್ಗೆ ಬಂದು, ಮನಸ್ಸು ಹೇಗಿದೆಯೋ ಆ ಜೇಬಿಗೆ ಕಡ್ಡಿ ಹಾಕಬೇಕು. ಮೊದಲು ಟೀಚರು ಹಾಕಿ ತೋರಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಬು ಲಸ್ಮಿನಿಯವರು ತಮ್ಮ ಕಡ್ಡಿಯನ್ನು ಖುಷಿಯ ಜೇಬಿಗೆ ಹಾಕಿದರು. ಮಕ್ಕಳೆಲ್ಲ ಸಾಲಾಗಿ ಬಂದು ಅದಕ್ಕೇ ಹಾಕಿದರು.

ಶಾಲೆ ಬಿಟ್ಟ ಮೇಲೆ ಕಡ್ಡಿಗಳನ್ನು ತೆಗೆದು ಡಬ್ಬಿಗೆ ಹಾಕುವುದು ನನ್ನ ಕೆಲಸ. ದಿನವೂ ಒಂದೇ ಜೇಬಿಗೆ ಕೈ ಹಾಕುತ್ತಿದ್ದೆ. ಮಿಕ್ಕ ಮೂರು ಜೇಬುಗಳಲ್ಲಿ ಧೂಳು ಕೂತಿತ್ತು. ಇನ್ಸ್‌ಪೆಕ್ಟರು ಬಂದು ನೋಡಿ, ಇಷ್ಟು ಖುಷಿಯಾಗಿರುವ ತರಗತಿಯನ್ನು ತಾವು ಎಲ್ಲೂ ಕಂಡಿಲ್ಲ ಎಂದು ಹೊಗಳಿದರು. ಪಾ ಸರ್ವೇದಿ ಫೋಟೋ ತೆಗೆಸಿದರು. ಬು ಲಸ್ಮಿನಿಯವರು ಫೋಟೋದಲ್ಲಿ ನಗುತ್ತಿದ್ದಾರೆ.

ಒಂದು ದಿನ ನೀರಿನ ತೊಟ್ಟಿಯ ಹಿಂದೆ ಗುಡಿಸಲು ಹೋದಾಗ ನಾಲ್ಕನೇ ತರಗತಿಯ ಕಿನಾಸಿ ಅಲ್ಲಿ ಮುದುಡಿ ಕೂತಿದ್ದಳು. ಆ ಹುಡುಗಿಯ ಅಮ್ಮನೂ ಕೆಲಸಕ್ಕೆಂದು ದೂರದೇಶಕ್ಕೆ ಹೋಗಿದ್ದಳು. ಅವಳು ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಿದ್ದಳು, ಹಲ್ಲಿನ ಗುರುತು ಕೆಂಪಗಿತ್ತು. ಪೊರಕೆ ಪಕ್ಕಕ್ಕಿಟ್ಟು ಅವಳ ಹತ್ತಿರ ಕೂತೆ. ಸ್ವಲ್ಪ ಹೊತ್ತಿಗೆ ಬು ಲಸ್ಮಿನಿಯವರು ಹುಡುಕಿಕೊಂಡು ಬಂದು ಅವಳ ಕೈ ನೋಡಿದರು. ಬೆಳಿಗ್ಗೆ ಖುಷಿಯ ಜೇಬಿಗೆ ಹಾಕಿದೆಯಲ್ಲ ಮಗಳೇ, ಯಾಕೆ ಎಂದು ಮೆಲ್ಲಗೆ ಕೇಳಿದರು.

ಕಿನಾಸಿ ನೆಲ ನೋಡುತ್ತಾ ಹೇಳಿದಳು. "ನನ್ನಮ್ಮ ಬರೀ ದೂರ ಹೋಗಿದ್ದಾಳೆ. ನಿಮ್ಮಮ್ಮ ಸತ್ತೇ ಹೋದ್ರು. ಆದ್ರೂ ನೀವು ಖುಷಿಗೇ ಹಾಕ್ತೀರಿ ಬು ಗುರು. ನಾನು ಹ್ಯಾಗೆ ದುಃಖಕ್ಕೆ ಹಾಕ್ಲಿ?"

ಬು ಲಸ್ಮಿನಿಯವರ ಮುಖದಲ್ಲಿ ನಗು ಹಾಗೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಇದ್ದರು. ಆಮೇಲೆ ತೊಟ್ಟಿಯ ಕಟ್ಟೆಗೆ ಒರಗಿ ನಮ್ಮ ಜೊತೆ ನೆಲದ ಮೇಲೇ ಕೂತುಬಿಟ್ಟರು. ಗಂಟೆ ಹೊಡೆಯಿತು, ನಾವು ಮೂವರೂ ಏಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ತರಗತಿಯ ಕಿಟಕಿ ಒರೆಸುತ್ತಿದ್ದೆ. ಬು ಲಸ್ಮಿನಿಯವರು ತಮ್ಮ ಕಡ್ಡಿ ತೆಗೆದುಕೊಂಡು ದುಃಖದ ಜೇಬಿಗೆ ಹಾಕಿದರು. ಹಿಂದಿನ ಬೆಂಚಿನ ತೆಗೂ ಎಂಬ ತರಲೆ ಹುಡುಗ "ಬು ಗುರು, ಜೇಬು ತಪ್ಪಾಯ್ತು" ಎಂದ. ಎಲ್ಲರೂ ನಕ್ಕರು.

"ಇಲ್ಲ ತೆಗೂ, ಇಷ್ಟು ದಿನ ತಪ್ಪು ಹಾಕ್ತಿದ್ದೆ" ಎಂದರು ಅವರು. "ಅಮ್ಮ ಹೋದ್ಮೇಲೆ ಮನೇಲಿ ಮಾತಾಡೋಕೆ ಯಾರೂ ಇಲ್ಲ. ಅದಕ್ಕೇ ಇದು ಇಲ್ಲಿಗೆ."

ನಮ್ಮ ಕಡೆ ದೊಡ್ಡವರು ಚಿಕ್ಕವರ ಮುಂದೆ ಹೀಗೆ ಹೇಳುವುದಿಲ್ಲ. ನಾನು ಕಿಟಕಿಯ ಒಂದೇ ಗಾಜನ್ನು ಒರೆಸುತ್ತಾ ನಿಂತೆ. ಅವತ್ತು ಶಾಲೆ ಬಿಟ್ಟ ಮೇಲೆ ನೋಡಿದರೆ ನಾಲ್ಕೂ ಜೇಬುಗಳಲ್ಲಿ ಕಡ್ಡಿಗಳಿದ್ದವು. ದುಃಖದ ಜೇಬಿನಲ್ಲಿ ಅವರ ಕಡ್ಡಿಗೆ ಅಂಟಿಕೊಂಡ ಹಾಗೆ ಕಿನಾಸಿಯ ಕಡ್ಡಿ ಇತ್ತು. ತೆಗೂನ ಕಡ್ಡಿ ಭಯದ ಜೇಬಿನಲ್ಲಿತ್ತು. ಯಾಕೆಂದು ಆಮೇಲೆ ತಿಳಿಯಿತು, ಆದರೆ ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ.

ಅಂದಿನಿಂದ ಮಕ್ಕಳು ಊಟದ ಬಿಡುವಿನಲ್ಲಿ ಒಬ್ಬೊಬ್ಬರಾಗಿ ಅವರ ಮೇಜಿನ ಹತ್ತಿರ ಹೋಗುತ್ತಾರೆ. ಕಿನಾಸಿ ಕೈ ಕಚ್ಚಿಕೊಳ್ಳುವುದನ್ನು ಬಿಟ್ಟಿದ್ದಾಳೆ, ಅಳು ಬಂದರೆ ಎದ್ದು ಹೋಗಿ ಹಲಗೆ ಒರೆಸುತ್ತಾಳೆ. ಒರೆಸುವ ಬಟ್ಟೆ ಎಲ್ಲಿದೆ ಎಂದು ಅವಳಿಗೆ ಗೊತ್ತು.

ಆದರೆ ಮಕ್ಕಳ ಮಾತೆಲ್ಲ ಕೇಳಿಸಿಕೊಂಡ ಮೇಲೆ ಬು ಲಸ್ಮಿನಿಯವರು ಹೋಗುವುದು ಅದೇ ಮನೆಗೆ. ಅವರು ದುಃಖದ ಜೇಬಿಗೆ ಕಡ್ಡಿ ಹಾಕಿದ ವಿಷಯ ಮಿಕ್ಕ ಟೀಚರುಗಳಿಗೆ ಗೊತ್ತಾಯಿತು. ಯಾರೂ ಆ ಮಾತು ಎತ್ತಲಿಲ್ಲ, ಎತ್ತಿದರೆ ಅವರಿಗೆ ನಾಚಿಕೆಯಾದೀತು ಎಂದು. ಅವರು ಟೀಚರುಗಳ ಕೋಣೆಗೆ ಬಂದರೆ ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಸರಿದು ಜಾಗ ಬಿಡುತ್ತಿದ್ದರು. ಎಷ್ಟು ಜಾಗ ಬಿಡುತ್ತಿದ್ದರೆಂದರೆ ಬೆಂಚಿನಲ್ಲಿ ಅವರೊಬ್ಬರೇ ಉಳಿಯುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಇದನ್ನು ನಾನು ಸರಿಯಾಗಿ ಬರೆಯಬೇಕು.

ಹೋದ ಶುಕ್ರವಾರ ನಾನು ವರಾಂಡ ಗುಡಿಸುವಾಗ ಹೆಡ್‌ಮಾಸ್ತರ ಕೋಣೆಯಲ್ಲಿ ಬು ಲಸ್ಮಿನಿಯವರ ದನಿ ಕೇಳಿಸಿತು. ತಮ್ಮ ಸುಮಾತ್ರಕ್ಕೆ ಬಾ ಎಂದು ಕರೆಯುತ್ತಿದ್ದಾನೆ, ಕೆಲಸ ಬಿಟ್ಟು ಹೋಗಬೇಕೆಂದಿದ್ದೇನೆ ಎಂದರು. ಪಾ ಸರ್ವೇದಿಯವರಿಗೆ ಗಾಬರಿಯಾಯಿತು. "ಇಲ್ಲೇನು ಕಡಿಮೆಯಾಗಿದೆ ಬು? ಮಕ್ಕಳಿದ್ದಾರೆ, ನಾವೆಲ್ಲ ಇದ್ದೀವಿ."

"ಇದ್ದೀರಿ ಪಾ. ಆದ್ರೆ ಅಲ್ಲಿ ಊಟಕ್ಕೆ ಕೂತ್ರೆ ಐದು ಜನ ಇರ್ತಾರೆ" ಎಂದರು ಅವರು.

ಒಳಗೆ ಕುರ್ಚಿ ಸರಿದ ಸದ್ದು ಕೇಳಿಸಿತು. ಕೊನೆಗೆ ಹೆಡ್‌ಮಾಸ್ತರು, ಸೋಮವಾರ ಹೇಳಿ, ಅಲ್ಲಿಯವರೆಗೆ ಮೇಲಿನ ಕಚೇರಿಗೆ ಏನೂ ಬರೆಯುವುದಿಲ್ಲ ಎಂದರು. ಬು ಲಸ್ಮಿನಿಯವರು ಹೋದ ಮೇಲೆ ಪಾ ಸರ್ವೇದಿ, ನಾನು ಗುಡಿಸುತ್ತಿದ್ದ ನಾಲ್ಕನೇ ತರಗತಿಗೆ ಬಂದು ಆ ಜೇಬುಗಳ ಬಟ್ಟೆಯ ಮುಂದೆ ನಿಂತರು. "ಯಾಕಮ್ಮಾ, ಹೆಡ್‌ಮಾಸ್ತರಿಗೆ ಕಡ್ಡಿ ಇಲ್ವಾ?" ಎಂದು ನನ್ನನ್ನು ಕೇಳಿದರು. ತಮಾಷೆಗೋ ನಿಜಕ್ಕೋ ತಿಳಿಯದೆ ನಾನು ನಕ್ಕೆ. ಅವರೂ ನಕ್ಕರು. ಆದರೆ ಬೇಗ ಹೋಗಲಿಲ್ಲ.

ನಿನ್ನೆ ಶನಿವಾರ ಮನೆಗೆ ಬರುವಾಗ ಮಂಜು ಇಳಿಯುತ್ತಿತ್ತು. ಬು ಲಸ್ಮಿನಿಯವರು ಹಸಿರು ಬಾಗಿಲಲ್ಲಿ ನಿಂತಿದ್ದರು. "ಬಾ ಮಗಳೇ, ಒಳಗೆ ಬಂದು ಹೋಗು" ಎಂದರು. ನಾನು ತಲೆ ಬಾಗಿಸಿ "ಇನ್ನೊಂದು ದಿನ ಬರ್ತೀನಿ ಬು" ಎಂದೆ. ದಿನಾ ಹೀಗೇ ಹೇಳುತ್ತೇನೆ. "ಬಾ, ಟೀ ಮಾಡಿದೀನಿ" ಎಂದರು. ನಾನು ಮತ್ತೆ ಹಾಗೇ ಹೇಳಿ ಮುಂದೆ ನಡೆದೆ. ಅವರ ಹಿಂದೆ ಮೇಜಿನ ಮೇಲೆ ಮುಚ್ಚಳ ಹಾಕಿದ ಎರಡು ಲೋಟಗಳಿದ್ದವು. ಅದನ್ನು ನೋಡಿದ್ದೆ, ಆದರೆ ನೋಡಿದ್ದೇನೆ ಎಂದು ಗೊತ್ತಾದದ್ದು ನಮ್ಮ ಅಂಗಳಕ್ಕೆ ಬಂದ ಮೇಲೆ. ತಿರುಗಿ ನೋಡಿದರೆ ಮಂಜಿನಲ್ಲಿ ಬಾಗಿಲು ಕಾಣಲಿಲ್ಲ.

ಅಜ್ಜಿ ಒಲೆಯ ಮುಂದೆ ಸೋಯಾ ಕಾಳಿನ ತೆಂಪೆ ಕರಿಯುತ್ತಿದ್ದಳು. ಎರಡು ಲೋಟ ಇದ್ದವು ಎಂದು ಹೇಳಿದೆ.

"ದಿನಾ ಇರ್ತಾವೆ" ಎಂದಳು ಅಜ್ಜಿ. "ನನ್ನನ್ನೂ ಕರೀತಾಳೆ. ಮೊನ್ನೆ ಮೂರು ಸಲ ಕರೆದ್ಲು. ಅವಳಮ್ಮನ ಥರಾನೇ ಮರ್ಯಾದಸ್ಥೆ."

"ಮೂರು ಸಲ ಕರೆದ್ರೆ ಹೋಗ್ಬೇಕಲ್ವಾ ಅಜ್ಜಿ?"

ಅಜ್ಜಿ ಬಾಣಲೆಯಲ್ಲಿದ್ದುದನ್ನು ತಿರುವಿ ಹಾಕಿದಳು. ಒಂದು ಕಡೆ ಸೀದು ಹೋಗಿತ್ತು. "ಹೋಗ್ಬೇಕಿತ್ತು" ಎಂದಳು. ಆಮೇಲೆ, "ನಾನು ಕೈಯಲ್ಲಿ ಸೊಪ್ಪು ಹಿಡ್ಕೊಂಡಿದ್ದೆ ಕಣೇ" ಎಂದಳು. ಸೀದ ತುಂಡನ್ನು ತನ್ನ ತಟ್ಟೆಗೇ ಹಾಕಿಕೊಂಡಳು.

ಊರಿನವರೆಲ್ಲ ಆ ದಾರಿಯಲ್ಲೇ ಓಡಾಡುತ್ತೇವೆ. ಅವರು ಎಲ್ಲರನ್ನೂ ಕರೆದಿದ್ದಾರೆ. ನಾವೆಲ್ಲ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದೇವೆ. ತೊಟ್ಟಿಯ ಹಿಂದೆ ನೆಲದ ಮೇಲೆ ಕೂತದ್ದು ಬಿಟ್ಟರೆ, ತಾಯಿ ಹೋದ ಮೇಲೆ ಅವರ ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಮಧ್ಯಾಹ್ನವಾಗಿದೆ. ಅಜ್ಜಿ ಮರಗೆಣಸು ಬೇಯಿಸಿ ಬಾಳೆ ಎಲೆಯಲ್ಲಿ ಸುತ್ತಿಟ್ಟಿದ್ದಾಳೆ, ಯಾರಿಗೆ ಎಂದು ಹೇಳಿಲ್ಲ. ಅದನ್ನು ತೆಗೆದುಕೊಂಡು ನಾನು ಈಗ ಆ ಹಸಿರು ಬಾಗಿಲಿಗೆ ಹೋಗುತ್ತೇನೆ. ಅವರು ಕರೆದರೆ ಮೊದಲ ಸಲಕ್ಕೇ ಒಳಗೆ ಹೋಗುತ್ತೇನೆ. ಕರೆಯದಿದ್ದರೂ ಹೋಗುತ್ತೇನೆ. ಎರಡನೇ ಲೋಟದ ಟೀ ಕುಡಿದು, ತಡವರಿಸಿದರೂ ಸರಿ, ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ಬೇಡ ಎಂದರೆ ಇದನ್ನು ಓದುಮನೆಗೆ ಕೊಡುವುದಿಲ್ಲ.