ಮೊಮ್ಮಗನಿಗೆ ತೋಳದ ಹೆಸರು

ಮೊಮ್ಮಗನಿಗೆ ತೋಳದ ಹೆಸರಿಡುತ್ತಾರೆಂದು ಕೇಳಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

ಸೊಸೆ ಸರ್ಬಿಯಾದವಳು, ನೈರೋಬಿಯಲ್ಲೇ ಮಗನ ಜೊತೆ ಕೆಲಸ ಮಾಡುತ್ತಿದ್ದವಳು. ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮೂರು ದಿನವಾಗಿತ್ತು. ಮನೆಗೆ ಕಳಿಸುವ ಮುಂಚೆ ಜನನದ ಫಾರಂನಲ್ಲಿ ಹೆಸರು ಬರೆದುಕೊಡಿ ಎಂದು ನರ್ಸ್ ಬೆಳಗ್ಗಿನಿಂದ ಎರಡು ಸಲ ಹೇಳಿ ಹೋಗಿದ್ದಳು. ನಾನು ಹೈರಿಡ್ಜ್‌ನ ಮನೆಯಲ್ಲಿ ಕೂತು, ನಕ್ಷತ್ರ ನೋಡಿ, ಹನ್ನೊಂದು ಹೆಸರು ಬರೆದ ಚೀಟಿ ತಂದಿದ್ದೆ. ಅವಳು ಅದನ್ನು ಓದಿ, ಮಡಚಿ, ದಿಂಬಿನ ಪಕ್ಕ ಇಟ್ಟಳು. ಮಗ ಕಿಟಕಿಯಾಚೆ ಜನ ತುಂಬಿಕೊಂಡು ಓಡುವ ಮಟಾಟು ವ್ಯಾನುಗಳನ್ನು ನೋಡುತ್ತ ನಿಂತಿದ್ದ. ಅವನದು ಯಾವಾಗಲೂ ಅತ್ತ ದರಿ ಇತ್ತ ಪುಲಿ.

"ನಿಮ್ಮವರಲ್ಲಿ ಬೇರೆ ಹೆಸರೇ ಇಲ್ಲವೇನಮ್ಮ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಇದ್ದವಂತೆ. ಹಿಂದಿನವರು ಎರಡು ಒಳ್ಳೆಯ ಮಾತು ಜೋಡಿಸಿ ಹೆಸರು ಕಟ್ಟುತ್ತಿದ್ದರಂತೆ, ಕೀರ್ತಿಗೆ ಶಾಂತಿ, ಶಾಂತಿಗೆ ಪ್ರೀತಿ. ಆಮೇಲೆ ಚರ್ಚು ಬಂತು, ಸಂತರ ಹೆಸರುಗಳು ಬಂದವು. ಆದರೆ ಮಕ್ಕಳು ಉಳಿಯದ ಮನೆಯವರು ಮಾತ್ರ ತೋಳವನ್ನು ಬಿಡಲಿಲ್ಲ. ಕೂಸುಗಳನ್ನು ತಿನ್ನುವ ಮಾಟಗಾತಿಯರು ಹೆದರುವುದು ತೋಳವೊಂದಕ್ಕೇ ಎಂದು ಅವರ ನಂಬಿಕೆ.

ಅವಳಿಗೆ ಇದಕ್ಕೆ ಮುಂಚೆ ಎರಡು ಕೂಸು ಹೋಗಿದ್ದವು, ಎರಡನೆಯದು ಹುಟ್ಟಿ ಒಂಬತ್ತು ದಿನಕ್ಕೆ. ಗೊತ್ತಿದ್ದೂ ನನ್ನ ಬಾಯಿ ನಿಲ್ಲಲಿಲ್ಲ. ಔಷಧಿ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವನ ಮನೆಯಲ್ಲಿ ಮಾಟಗಾತಿಯೇ?

"ನಮ್ಮ ಕಡೆಯೂ ಒಬ್ಬ ತಾಯಿ ಹೀಗೇ ಮಾಡಿದ್ದಳು," ಎಂದೆ. "ಮೂರು ಮಕ್ಕಳು ಸತ್ತವು ಅಂತ ನಾಲ್ಕನೆಯದನ್ನು ತಿಪ್ಪೆ ಮೇಲೆ ಮಲಗಿಸಿ, ಪಕ್ಕದ ಮನೆಯವಳಿಂದ ಎತ್ತಿಸಿ, ಒಂದು ಮೊರ ತವುಡು ಕೊಟ್ಟು ವಾಪಸ್ ಕೊಂಡಳು. ಸಾವೂ ಹೇಸಿ ಮುಟ್ಟದಿರಲಿ ಅಂತ ತಿಪ್ಪೆಯ ಹೆಸರನ್ನೇ ಇಟ್ಟಳು. ಇಡೀ ಸ್ಕೂಲು ಆ ಹುಡುಗನನ್ನು ಕಂಡು ಮೂಗು ಮುಚ್ಚಿಕೊಳ್ತಿತ್ತು. ದೊಡ್ಡವನಾದ ಮೇಲೆ ಕೋರ್ಟಿಗೆ ಹೋಗಿ ಹೆಸರು ಬದಲಾಯಿಸಿಕೊಂಡ. ತಾಯಿಯನ್ನು ಮಾತ್ರ ಕ್ಷಮಿಸಲಿಲ್ಲ."

ಆ ಹುಡುಗ ನಾನೇ. ಮಗನಿಗೂ ಅದುವರೆಗೆ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ವಾದ ಗೆದ್ದೆ ಎಂದುಕೊಂಡು ಕುರ್ಚಿಗೆ ಒರಗಿದೆ.

ಸೊಸೆ ಸ್ಕೂಲಿನ ಬಗ್ಗೆ, ಕೋರ್ಟಿನ ಬಗ್ಗೆ ಏನೂ ಕೇಳಲಿಲ್ಲ. ಕೂಸಿನಿಂದ ಕಣ್ಣು ತೆಗೆಯದೆ ಒಂದೇ ಮಾತು ಕೇಳಿದಳು. "ಆ ಮಗು ಉಳಿಯಿತಾ, ಪಪ್ಪಾ?"

ನನಗೆ ಸಿಟ್ಟು ಇಳಿದಿರಲಿಲ್ಲ. ಅದು ಇವಳ ಮೇಲೋ, ಎಂದೋ ತೀರಿಹೋದ ಅವ್ವನ ಮೇಲೋ, ತಿಳಿಯಲಿಲ್ಲ.

"ಉಳಿಯಿತು," ಎಂದೆ. "ಈಗ ಅರವತ್ತೆಂಟು."

ಮಗ ತಿರುಗಿ ನನ್ನ ಮುಖ ನೋಡಿದ. ನಾನು ಫಾರಂ ಎಳೆದುಕೊಂಡು ಅವಳು ಹೇಳಿದ ಹೆಸರನ್ನೇ ಬರೆದೆ.